ತೋಟದ ಕೆಲಸ ಮತ್ತು ಹೆಗಲು–ಬೆನ್ನಿನ ನೋವು

ಅಡಿಕೆಗೆ ಮೊದಲ ಸಲದ ಬೋರ್ಡೋ ಹೊಡೆದು ಮುಗಿಸಿದ ವಾರ, ಇಲ್ಲವೆ ರೋಬಸ್ಟಾ ಕೊಯ್ಲು ಮುಗಿದು ಕಸಿ ಕತ್ತರಿ ಕೈಗೆತ್ತಿಕೊಂಡ ವಾರ, ನಮ್ಮ ಸದಸ್ಯರಲ್ಲಿ ಹಲವರು ಒಂದೇ ಮಾತು ಆಡುವುದುಂಟು. ಕತ್ತಿನ ಬುಡದಿಂದ ಹೆಗಲಿನವರೆಗೆ ಹಿಡಿದುಕೊಂಡಿದೆ, ಬೆನ್ನಿನ ರೆಕ್ಕೆಯ ಒಳಗೆ ಚುಚ್ಚುತ್ತದೆ, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಕೆಲವರು ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ. ಕೆಲವರು ಪೇಟೆಗೆ ಹೋಗಿ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಾರೆ. ಹದಿನೈದು ದಿನ ಕಳೆದರೆ ಮತ್ತೆ ಅದೇ ನೋವು. ಎರಡು ಮೂರು ಎಕರೆಯ ಬೆಳೆಗಾರನಿಗೆ ಇದು ಸಣ್ಣ ವಿಷಯವಲ್ಲ. ಆಳು ಸಿಗದ ಈ ಕಾಲದಲ್ಲಿ ತೋಟ ನಿಂತಿರುವುದು ಅವನ ಮತ್ತು ಅವನ ಮನೆಯವರ ತೋಳಿನ ಮೇಲೆ. ತೋಳು ಮೇಲೇಳದಿದ್ದರೆ ಕೊಳೆ ಔಷಧಿಯ ದಿನ ತಪ್ಪುತ್ತದೆ, ಹಣ್ಣು ಗಿಡದಲ್ಲೇ ಉದುರುತ್ತದೆ.

ಈ ಪಾಠದಲ್ಲಿ ನಾವು ಹೇಳಹೊರಟಿರುವುದು ಮುಖ್ಯವಾಗಿ ಒಂದು ಮಾತು. ತೋಟದವರ ಹೆಗಲು ನೋವನ್ನು ಜನ ಹೊತ್ತ ಭಾರದ ತಲೆಗೆ ಕಟ್ಟುತ್ತಾರೆ. ಭಾರವೂ ಕಾರಣವೇ ಸರಿ. ಆದರೆ ಅದಕ್ಕಿಂತ ಹೆಚ್ಚಾಗಿ ತೋಳನ್ನೋ ತಲೆಯನ್ನೋ ಒಂದೇ ಭಂಗಿಯಲ್ಲಿ ಬಹಳ ಹೊತ್ತು ಹಿಡಿದು ನಿಲ್ಲಿಸುವುದೇ ಕಾರಣ ಎಂಬುದು ನಮ್ಮ ಅಭಿಪ್ರಾಯ. ಏಕೆಂದು ತಿಳಿಯಬೇಕಾದರೆ ಹೆಗಲಿನ ಕಟ್ಟಡವನ್ನು ಸ್ವಲ್ಪ ನೋಡಬೇಕು.

ಸೊಂಟದಲ್ಲಿ ತೊಡೆಯೆಲುಬು ಆಳವಾದ ಗುಂಡಿಯಲ್ಲಿ ಕುಳಿತಿದೆ, ಭದ್ರವಾಗಿದೆ. ಹೆಗಲಿನಲ್ಲಿ ಹಾಗಲ್ಲ. ತೋಳಿನ ಎಲುಬಿನ ಗುಂಡು ತಲೆ, ಬೆನ್ನಿನ ರೆಕ್ಕೆಯೆಲುಬಿನ ಅಂಚಿನಲ್ಲಿರುವ ಆಳವಿಲ್ಲದ ತಟ್ಟೆಗೆ ಒರಗಿಕೊಂಡಿದೆ, ಅಷ್ಟೆ. ಆ ರೆಕ್ಕೆಯೆಲುಬಾದರೂ ಪಕ್ಕೆಲುಬುಗಳಿಗೆ ಎಲುಬಿನಿಂದ ಸೇರಿಲ್ಲ. ಮುಂದುಗಡೆ ಕೊರಳ ಬಳಿಯ ಕೀಲೆಲುಬೊಂದನ್ನು ಬಿಟ್ಟರೆ ಅದನ್ನು ಹಿಡಿದಿಟ್ಟಿರುವುದೆಲ್ಲ ಮಾಂಸಖಂಡಗಳೇ. ಡೇರೆಯ ಕಂಬವನ್ನು ಸುತ್ತಲಿಂದ ಹಗ್ಗ ಎಳೆದು ನಿಲ್ಲಿಸುವುದಿಲ್ಲವೇ, ಹಾಗೆ. ಇವುಗಳಲ್ಲಿ ದೊಡ್ಡದು ತಲೆಬುರುಡೆಯ ಹಿಂಭಾಗದಿಂದ ಬೆನ್ನಿನ ನಡುವಿನವರೆಗೂ ಹರಡಿರುವ ಟ್ರಪೀಜಿಯಸ್ ಎಂಬ ಖಂಡ. ಕತ್ತಿನ ಬುಡದಲ್ಲಿ ಕೈಗೆ ಗಂಟು ಗಂಟಾಗಿ ಸಿಗುವುದು ಇದೇ. ಒಳಗಡೆ ತೋಳಿನ ತಲೆಯನ್ನು ತಟ್ಟೆಯಲ್ಲಿ ಒತ್ತಿ ಹಿಡಿಯಲು ನಾಲ್ಕು ಚಿಕ್ಕ ಖಂಡಗಳಿವೆ. ಅವುಗಳಲ್ಲಿ ಮೇಲಿನದರ ಹುರಿ ಹೆಗಲ ಎಲುಬಿನ ಚಾವಣಿಯ ಕೆಳಗೆ ಇಕ್ಕಟ್ಟಾದ ಸಂದಿಯಲ್ಲಿ ಹಾದುಹೋಗುತ್ತದೆ. ವಯಸ್ಸಾದಂತೆ ಸವೆಯುವುದೂ ಹರಿಯುವುದೂ ಹೆಚ್ಚಾಗಿ ಈ ಹುರಿಯೇ.

ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಬಹುದು. ಬೆನ್ನು ಗೂನು ಮಾಡಿ, ಹೆಗಲನ್ನು ಮುಂದಕ್ಕೆ ತಂದು ಕುಳಿತು, ತೋಳನ್ನು ಮೇಲಕ್ಕೆತ್ತಿ. ಅರ್ಧ ದಾರಿ ಕಳೆದ ಮೇಲೆ ಎಲ್ಲೋ ತಡೆಯುತ್ತದೆ. ಈಗ ನೆಟ್ಟಗೆ ಕುಳಿತು ಎತ್ತಿ. ಸಲೀಸಾಗಿ ಕಿವಿಯ ಪಕ್ಕಕ್ಕೆ ಬರುತ್ತದೆ. ತೋಳು ಕೆಳಗಿನಿಂದ ಪೂರ್ತಿ ಮೇಲೇಳುವ 180 ಡಿಗ್ರಿಯಲ್ಲಿ ಸುಮಾರು 60 ಡಿಗ್ರಿ ರೆಕ್ಕೆಯೆಲುಬು ತಿರುಗಿ ಕೊಡುವ ಚಲನೆ. ರೆಕ್ಕೆ ತಿರುಗದಿದ್ದರೆ ಆ ಹುರಿ ಸಂದಿಯಲ್ಲಿ ಸಿಕ್ಕಿ ಉಜ್ಜಿಕೊಳ್ಳುತ್ತದೆ. ಹೆಗಲು ನೋವಿಗೆ ಮದ್ದು ಬಹಳ ಸಲ ಬೆನ್ನಿನಲ್ಲಿದೆ ಎನ್ನುವುದು ಇದಕ್ಕಾಗಿ.

ಇನ್ನೊಂದು ಪ್ರಯೋಗ. ಬರಿಗೈಯನ್ನು ಹೆಗಲಿನ ಎತ್ತರಕ್ಕೆ ಮುಂದೆ ಚಾಚಿ ಹಿಡಿಯಿರಿ. 60 ಕಿಲೋ ತೂಕದ ಆಳಿನ ಒಂದು ತೋಳು ಸುಮಾರು 3 ಕಿಲೋ ಇರುತ್ತದೆ. ಮೂರು ಕಿಲೋ ಏನು ಮಹಾ! ಆದರೂ ಸ್ವಲ್ಪ ಹೊತ್ತಿಗೆ ಹೆಗಲು ಉರಿಯತೊಡಗುತ್ತದೆ. ಅದೇ ತೋಳನ್ನು ಬೀಸಿ ನಡೆದರೆ ದಿನವಿಡೀ ನಡೆಯಬಹುದು. ಖಂಡವು ಬಿಗಿದು ಸಡಿಲುವಾಗ ಅದರೊಳಗೆ ರಕ್ತ ಹರಿದಾಡುತ್ತದೆ. ಬಿಗಿದೇ ಇದ್ದರೆ ನಾಳಗಳು ಒತ್ತಿಹೋಗಿ ರಕ್ತ ಸಾಲದಾಗುತ್ತದೆ. ಜರ್ಮನಿಯ ವಾಲ್ಟರ್ ರೋಮರ್ಟ್ ಎಂಬುವರು 1960ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ತನ್ನ ಪೂರ್ಣ ಶಕ್ತಿಯ ಅರ್ಧದಷ್ಟನ್ನು ಬಳಸಿ ಅಲುಗದೆ ಹಿಡಿದರೆ ಖಂಡ ತಾಳುವುದು ಹೆಚ್ಚುಕಡಿಮೆ ಒಂದು ನಿಮಿಷ ಮಾತ್ರ.

ಈಗ ನಮ್ಮ ತೋಟಕ್ಕೆ ಬರೋಣ.

ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದು ಮರ ಹತ್ತುವ ಅಪಾಯ ತಪ್ಪಿತು. ನೆಲದ ಮೇಲೆ ನಿಂತು ಕೊನೆ ಇಳಿಸಬಹುದು, ಔಷಧಿ ಹೊಡೆಯಬಹುದು. ಇದು ದೊಡ್ಡ ಉಪಕಾರವೇ. ಆದರೆ ಮೊದಲು ಕಾಲು ಸೊಂಟಗಳಿಗೆ ಹಂಚಿಹೋಗುತ್ತಿದ್ದ ಶ್ರಮ ಈಗ ಕತ್ತಿಗೂ ಹೆಗಲಿಗೂ ಬಂದಿದೆ. ಐದು ಕಿಲೋದಷ್ಟು ತೂಗುವ ತಲೆಯನ್ನು ಹಿಂದಕ್ಕೆ ಬಾಗಿಸಿ, ಎರಡೂ ಕೈ ಎತ್ತಿ, ಒಂದೊಂದು ಮರದ ಬುಡದಲ್ಲೂ ನಿಲ್ಲಬೇಕು. ದೋಟಿ ನೆಟ್ಟಗಿದ್ದಾಗ ಅದರ ತೂಕ ನೇರ ಕೆಳಗಿಳಿಯುತ್ತದೆ. ವಾಲಿತೆಂದರೆ ತುದಿಯ ತೂಕವೆಲ್ಲ ಹೆಗಲನ್ನು ಜಗ್ಗುತ್ತದೆ. ಹಾಗಾಗಿ ಮರದಿಂದ ಮರಕ್ಕೆ ಹೋಗುವಾಗ ದೋಟಿಯ ಬುಡವನ್ನು ನೆಲಕ್ಕೂರಿ, ಕೈ ಇಳಿಬಿಟ್ಟು, ನಾಲ್ಕು ಉಸಿರಿನಷ್ಟು ಹೊತ್ತು ನಿಮ್ಮ ಪಾದ ನೋಡಿಕೊಳ್ಳಿ. ಕೆಳಗಿನ ಕೈ ಸೊಂಟದ ಮಟ್ಟದಲ್ಲಿರಲಿ, ಮೇಲಿನ ಕೈ ಹಣೆಗಿಂತ ಮೇಲೆ ಹೋಗದಿರಲಿ. ಇಬ್ಬರಿದ್ದರೆ ಹತ್ತಿಪ್ಪತ್ತು ಮರಕ್ಕೊಮ್ಮೆ ಕೈ ಬದಲಾಯಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಇದು ಈ ಪಾಠದ ವಿಷಯವಲ್ಲವಾದರೂ ಹೇಳದಿರಲಾರೆವು: ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಬಿಡುತ್ತದೆ. ತಂತಿಯ ಹತ್ತಿರದ ಮರಗಳಿಗೆ ಆ ದೋಟಿ ಎತ್ತಕೂಡದು.

ಕಾಫಿಯಲ್ಲಿ ಇದೇ ಕಷ್ಟ ಬರುವುದು ಎತ್ತರ ಬಿಟ್ಟ ರೋಬಸ್ಟಾದಲ್ಲಿ. ಕೊಕ್ಕೆಯಿಂದ ರೆಂಬೆ ಬಗ್ಗಿಸಿ, ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದರಲ್ಲಿ ತಲೆಯ ಮೇಲೆ ಕೊಯ್ಯುವುದು. ಹಿಡಿದ ಕೈಯೇ ಮೊದಲು ಸೋಲುತ್ತದೆ, ಕೊಯ್ಯುವ ಕೈಯಲ್ಲ. ಕೊಕ್ಕೆಗೆ ಹಗ್ಗ ಕಟ್ಟಿ, ಹಗ್ಗದ ಕುಣಿಕೆಯನ್ನು ಕಾಲಲ್ಲಿ ಮೆಟ್ಟಿಕೊಂಡರೆ ಆ ಕೈಗೆ ಬಿಡುವು. ಕಸಿ ಮಾಡುವಾಗ, ನಿಮ್ಮಲ್ಲಿ ಕೊಯ್ಯುವವರಲ್ಲಿ ಯಾರು ಗಿಡ್ಡವೋ ಅವರ ಕೈಗೆ ಎಟಕುವಂತೆ ಗಿಡದ ತಲೆ ಇರಿಸುವುದು ಇನ್ನೂ ಮೇಲು. ಹೆಚ್ಚಾಗಿ ಆ ಕೈ ಹೆಂಗಸಿನದಾಗಿರುತ್ತದೆ ಎಂಬುದನ್ನು ಮರೆಯಬಾರದು.

ಬೆನ್ನಿಗೆ ಹಾಕುವ 16 ಲೀಟರ್ ಪಂಪಿನಲ್ಲಿ ನೀರೇ 16 ಕಿಲೋ. ಇಳಿಜಾರಿನ ತೋಟದಲ್ಲಿ ಹತ್ತು ಲೀಟರಿಗೆ ನಿಲ್ಲಿಸಿ ಎರಡು ಸಲ ಹೆಚ್ಚು ನಡೆದರೆ ನಷ್ಟವೇನಿಲ್ಲ. ಪಟ್ಟಿ ಅಗಲವಾಗಿರಲಿ, ಪಂಪು ಬೆನ್ನಿಗೆ ಅಂಟಿಕೊಂಡಿರಲಿ. ಕಳೆ ಕೊಚ್ಚುವ ಯಂತ್ರವನ್ನು ಒಂದೇ ಹೆಗಲಿಗೆ ನೇತುಹಾಕಿಕೊಳ್ಳುವುದು ನಮ್ಮಲ್ಲಿ ರೂಢಿ. ಎರಡೂ ಹೆಗಲಿಗೆ ಬರುವ ಪಟ್ಟಿ ಸಿಗುತ್ತದೆ, ಅದನ್ನು ಕೊಳ್ಳಿ. ಯಂತ್ರವನ್ನು ತೋಳಿನಿಂದ ಬೀಸದೆ ಸೊಂಟ ತಿರುಗಿಸಿ ಬೀಸಬೇಕು.

ಮೂಟೆಯ ಮಾತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಒಬ್ಬ ಗಂಡಾಳು ಹೊರುವ ಭಾರವನ್ನು 55 ಕಿಲೋಗೆ ಇಳಿಸಬೇಕೆಂದು ಶಿಫಾರಸು ಮಾಡಿತು. ಕಾಫಿಯ 50 ಕಿಲೋ ಚೀಲ ಆ ಮಿತಿಯೊಳಗೆ ಬರುತ್ತದೆ. ಅಡಿಕೆ ಮೂಟೆ ಸಾಮಾನ್ಯವಾಗಿ ಬರುವುದಿಲ್ಲ.

ಇಷ್ಟೆಲ್ಲ ಮೇಲೆ ನೋಡುವ ಕೆಲಸವಾಯಿತು. ಕೆಳಗೆ ನೋಡುವ ಕೆಲಸವೂ ಅಷ್ಟೇ ಕೆಟ್ಟದ್ದು. ಮೆಟ್ಟುಗತ್ತಿಯ ಮುಂದೆ ಕುಳಿತು ನಡುರಾತ್ರಿಯವರೆಗೆ ಅಡಿಕೆ ಸುಲಿಯುವ ಮನೆಗಳು ನಮ್ಮಲ್ಲಿ ಈಗಲೂ ಇವೆ. ಬೆನ್ನು ಬಿಲ್ಲು, ಹೆಗಲು ಮುಂದೆ, ಗದ್ದ ಎದೆಗೆ. ಈ ಭಂಗಿಯಲ್ಲಿ ರೆಕ್ಕೆಯೆಲುಬುಗಳ ನಡುವಿನ ಖಂಡಗಳು ಎಳೆದುಹಿಡಿದ ರಬ್ಬರಿನಂತಿರುತ್ತವೆ. ಮಣೆಯನ್ನು ಎತ್ತರಿಸಿ, ಸುಲಿಯುವ ಅಡಿಕೆಯನ್ನು ನೆಲದ ಮೇಲೆ ಸುರಿಯದೆ ಬುಟ್ಟಿಯಲ್ಲಿ ಮೊಣಕಾಲಿನ ಮಟ್ಟಕ್ಕೆ ಇಟ್ಟುಕೊಳ್ಳಿ. ಅರ್ಧ ಗಂಟೆಗೊಮ್ಮೆ ಎದ್ದು ನಿಂತು ಎರಡು ಕೈಯನ್ನೂ ಹಿಂದಕ್ಕೆ ಚಾಚಿ. ಎದ್ದ ಬಿಡುವಿನಲ್ಲಿ ತಲೆ ಬಗ್ಗಿಸಿ ಮೊಬೈಲು ನೋಡಿದರೆ ಬಿಡುವು ಕೊಟ್ಟಂತಾಗುವುದಿಲ್ಲ.

ನೋವು ಬಂದ ಮೇಲೆ ಏನು ಮಾಡಬೇಕು? ಉಳುಕಿ ಅಥವಾ ಬಿದ್ದು ಬಂದ ಹೊಸ ನೋವಾದರೆ ಮೊದಲೆರಡು ದಿನ ತಣ್ಣೀರಿನ ಪಟ್ಟಿ. ದುಡಿದು ದುಡಿದು ಹಿಡಿದುಕೊಂಡ ನೋವಿಗೆ ಬಿಸಿನೀರಿನ ಶಾಖ ಹಿತ. ಎಣ್ಣೆ ತಿಕ್ಕುವುದೂ ಹಿತವೇ, ಆದರೆ ಅದರ ಹಿತ ಕೆಲವು ಗಂಟೆಯದು. ನೋಯುವ ಮಗ್ಗುಲಿಗೆ ಮಲಗದೆ, ಆ ತೋಳಿನ ಕೆಳಗೊಂದು ದಿಂಬಿಟ್ಟುಕೊಳ್ಳಿ. ತೋಳನ್ನು ಎದೆಗೆ ಕಟ್ಟಿಕೊಂಡು ವಾರಗಟ್ಟಲೆ ಕೂರುವುದು ಮಾತ್ರ ಬೇಡ. ಭಾರದ ಕೆಲಸ ಬಿಡಿ, ಚಲನೆ ಬಿಡಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ಗುಳಿಗೆಗಳನ್ನು ಅಂಗಡಿಯಿಂದ ತಂದು ತಿಂಗಳಾನುಗಟ್ಟಲೆ ನುಂಗುವವರಿದ್ದಾರೆ. ರಕ್ತದೊತ್ತಡ, ಮೂತ್ರಪಿಂಡ ಇಲ್ಲವೆ ಹೊಟ್ಟೆ ಹುಣ್ಣಿನ ತೊಂದರೆ ಇರುವವರಿಗೆ ಇದು ಅಪಾಯ.

ನೋವು ಸ್ವಲ್ಪ ಇಳಿದೊಡನೆ ಖಂಡಗಳನ್ನು ಬಲಪಡಿಸಬೇಕು. "ದಿನವಿಡೀ ದುಡಿಯುವವರಿಗೆ ವ್ಯಾಯಾಮವೇಕೆ" ಎಂದು ಕೇಳುವುದು ಸಹಜ. ತೋಟದ ಕೆಲಸ ಕೆಲವು ಖಂಡಗಳನ್ನು ದುಡಿಸಿ ದಣಿಸುತ್ತದೆ, ರೆಕ್ಕೆಯನ್ನು ಹಿಂದಕ್ಕೆಳೆಯುವ ಖಂಡಗಳನ್ನು ಹಾಗೇ ಬಿಡುತ್ತದೆ. ಡೆನ್ಮಾರ್ಕಿನಲ್ಲಿ ಕತ್ತು–ಹೆಗಲು ನೋವಿದ್ದ ಕಚೇರಿ ನೌಕರರಿಗೆ ರಬ್ಬರ್ ಕೊಳವೆ ಎಳೆಯುವ ವ್ಯಾಯಾಮವನ್ನು 10 ವಾರ ಮಾಡಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ದಿನಕ್ಕೆ ಬರಿಯ 2 ನಿಮಿಷ ಮಾಡಿದವರಿಗೂ ನೋವು ಕಡಿಮೆಯಾಯಿತು. ಅವರು ಮೇಜಿನ ಮುಂದೆ ಕೂರುವವರು, ನಾವು ಬೇರೆ. ಆದರೂ ಹೆಗಲು ಎಲ್ಲರದೂ ಒಂದೇ.

ರಬ್ಬರ್ ಕೊಳವೆ ಕೊಳ್ಳಬೇಕಾಗಿಲ್ಲ. ಸೈಕಲ್ಲಿನ ಹಳೆಯ ಟ್ಯೂಬು ಸಾಕು. ಜಗಲಿಯ ಕಂಬಕ್ಕೆ ಎದೆಯ ಮಟ್ಟದಲ್ಲಿ ಸುತ್ತಿ, ಎರಡು ತುದಿಗಳನ್ನು ಹಿಡಿದು, ಮೊಣಕೈ ಪಕ್ಕೆಗೆ ತಾಗುವಂತೆ ಹಿಂದಕ್ಕೆಳೆಯಿರಿ. ರೆಕ್ಕೆಯೆಲುಬುಗಳೆರಡೂ ಬೆನ್ನುಹುರಿಯ ಕಡೆ ಸರಿಯಬೇಕು, ಹೆಗಲು ಕಿವಿಯ ಕಡೆ ಏರಬಾರದು. ಎಳೆದಲ್ಲಿ ಮೂರು ಎಣಿಸಿ ನಿಧಾನ ಬಿಡಿ. ಹತ್ತು ಸಲ. ಆಮೇಲೆ ಗೋಡೆಗೆ ಅಂಗೈ ಊರಿ, ಮೈಯನ್ನು ಗೋಡೆಯ ಹತ್ತಿರ ತಂದು ಹಿಂದಕ್ಕೆ ತಳ್ಳುವುದು ಹತ್ತು ಸಲ. ಬಾಗಿಲಿನ ಚೌಕಟ್ಟಿಗೆ ಎರಡೂ ಮುಂಗೈ ಇಟ್ಟು ಎದೆಯನ್ನು ಮುಂದೆ ಚಾಚಿ ಅರ್ಧ ನಿಮಿಷ ನಿಲ್ಲುವುದು. ಗದ್ದವನ್ನು ಹಿಂದಕ್ಕೆಳೆದು ಕತ್ತು ನೇರ ಮಾಡಿ ಐದು ಎಣಿಸುವುದು. ಮಾಡುವಾಗ ಸ್ವಲ್ಪ ನೋಯಬಹುದು. ಮರುದಿನ ನೋವು ಹೆಚ್ಚಾಗಿದ್ದರೆ ಅರ್ಧಕ್ಕಿಳಿಸಿ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಮೂರನೆಯ ವಾರಕ್ಕೆ ಬೇಸತ್ತು ಬಿಡುವವರೇ ಹೆಚ್ಚು.

ಸಕ್ಕರೆ ಕಾಯಿಲೆಯವರಿಗೆ ಬೇರೆಯೇ ಒಂದು ಮಾತು ಹೇಳಬೇಕು. ನಲವತ್ತರಿಂದ ಅರವತ್ತರೊಳಗೆ, ಅದರಲ್ಲೂ ಸಕ್ಕರೆ ಇದ್ದವರಲ್ಲಿ, ಹೆಗಲ ಕೀಲಿನ ಚೀಲವೇ ದಪ್ಪವಾಗಿ ಬಿಗಿದುಕೊಳ್ಳುವುದುಂಟು. ಅಮೆರಿಕದ ಶಸ್ತ್ರವೈದ್ಯ ಕಾಡ್‌ಮನ್ 1934ರಲ್ಲಿ ಇದಕ್ಕೆ ಹೆಪ್ಪುಗಟ್ಟಿದ ಹೆಗಲು ಎಂಬರ್ಥದ ಹೆಸರಿಟ್ಟರು. ಗುರುತು ಸುಲಭ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿ. ನೋಯುವ ಕಡೆ ತಿರುಗುವುದೇ ಇಲ್ಲ, ಇನ್ನೊಬ್ಬರು ಹಿಡಿದು ತಿರುಗಿಸಿದರೂ ಇಲ್ಲ. ಇದು ಬಿಡಲು ಒಂದರಿಂದ ಮೂರು ವರ್ಷ ಹಿಡಿಯಬಹುದು. ಬಲವಂತದಿಂದ ತಿರುಚಿಸಿಕೊಳ್ಳಬೇಡಿ. ಮುಂದಕ್ಕೆ ಬಾಗಿ ತೋಳನ್ನು ಲೋಲಕದಂತೆ ತೂಗುವುದು, ಗೋಡೆಯ ಮೇಲೆ ಬೆರಳು ನಡೆಸಿ ದಿನಕ್ಕಿಷ್ಟು ಎತ್ತರ ಏರುವುದು, ಸಕ್ಕರೆಯನ್ನು ಹದ್ದುಬಸ್ತಿನಲ್ಲಿಡುವುದು, ಇಷ್ಟು ಮಾಡುತ್ತ ವೈದ್ಯರನ್ನು ಕಾಣಬೇಕು. ಇದಕ್ಕೆ ವ್ಯತಿರಿಕ್ತವಾಗಿ, ಬೇರೆಯವರು ಎತ್ತಿದರೆ ತೋಳು ಮೇಲೇಳುತ್ತದೆ, ತಾವಾಗಿ ಎತ್ತಲಾಗುವುದಿಲ್ಲ ಎಂದಾದರೆ ಹುರಿ ಹರಿದಿರಬಹುದು. ಜಾರಿ ಬಿದ್ದ ಮೇಲೆ ಹೀಗಾದರೆ ತಿಂಗಳು ಕಾಯಬೇಡಿ, ಆ ವಾರವೇ ಮೂಳೆ ವೈದ್ಯರಲ್ಲಿಗೆ ಹೋಗಿ.

ಎಲ್ಲ ಹೆಗಲು ನೋವೂ ಹೆಗಲಿನದಲ್ಲ. ನೋವು ತೋಳಿನುದ್ದಕ್ಕೂ ಇಳಿದು ಬೆರಳು ಜೋಮು ಹಿಡಿಯುವುದು, ಹಿಡಿತ ಸಡಿಲಿ ಕತ್ತರಿ ಕೈಜಾರುವುದು ಕತ್ತಿನ ನರದ ಒತ್ತಡವನ್ನು ಸೂಚಿಸುತ್ತದೆ. ಇಂಥವರು ತಲೆ ಹಿಂದಕ್ಕೆ ಬಾಗಿಸುವ ದೋಟಿ ಕೆಲಸ ಮಾಡಕೂಡದು. ಊಟದ ನಂತರ ಬಲ ರೆಕ್ಕೆಯ ಕೆಳಗೆ ಬರುವ ನೋವು ಪಿತ್ತಕೋಶದ ಕಲ್ಲಿನದಿರಬಹುದು. ರಾತ್ರಿ ಮಲಗಿದಾಗಲೂ ಬಿಡದ ಬೆನ್ನು ನೋವು, ಜೊತೆಗೆ ಸಂಜೆ ಜ್ವರ, ಮೈ ಇಳಿಯುವುದು ಇದ್ದರೆ ಬೆನ್ನೆಲುಬಿನ ಕ್ಷಯವನ್ನು ಶಂಕಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಹೃದಯದ ನೋವು. ಏರು ಹತ್ತುವಾಗ ಎಡ ಹೆಗಲು, ತೋಳು, ದವಡೆ ಅಥವಾ ರೆಕ್ಕೆಗಳ ನಡುವೆ ಹಿಸುಕಿದಂತಾಗಿ, ನಿಂತರೆ ಕಡಿಮೆಯಾಗುವ ನೋವು ಖಂಡದ್ದಲ್ಲ. ತೋಳು ಆಡಿಸಿದರೆ ಹೆಚ್ಚುವುದಿಲ್ಲ, ಒತ್ತಿದರೆ ನೋಯುವುದಿಲ್ಲ, ತಣ್ಣನೆ ಬೆವರು, ಉಸಿರುಗಟ್ಟುವುದು, ವಾಕರಿಕೆ ಇದೆ ಎಂದರೆ ಎಣ್ಣೆ ಕಾಯಿಸುತ್ತ ಕೂರದೆ 108ಕ್ಕೆ ಫೋನು ಮಾಡಿ. ಹೆಂಗಸರಲ್ಲೂ ಸಕ್ಕರೆ ಕಾಯಿಲೆಯವರಲ್ಲೂ ಎದೆನೋವಿಲ್ಲದೆ ಇಷ್ಟೇ ಕಾಣಿಸಿಕೊಳ್ಳುವುದುಂಟು. ಒಳತೋಟದ ಮನೆಗಳವರು ಗಾಡಿ ಬರುವ ಜಾಗದವರೆಗೆ ರೋಗಿಯನ್ನು ನಡೆಸದೆ ಕುರ್ಚಿಯಲ್ಲಿ ಹೊತ್ತೊಯ್ಯಬೇಕು.

ವೈದ್ಯರಲ್ಲಿಗೆ ಹೋದಾಗ "ಹೆಗಲು ನೋವು" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಯಾವ ಕೆಲಸ, ದಿನಕ್ಕೆ ಎಷ್ಟು ಹೊತ್ತು, ಕೈ ಯಾವ ಎತ್ತರಕ್ಕೆ ಬಂದಾಗ ನೋಯುತ್ತದೆ ಎಂಬುದನ್ನು ಮಾಡಿ ತೋರಿಸಿ. ಈಗಾಗಲೇ ನುಂಗುತ್ತಿರುವ ಗುಳಿಗೆಗಳ ಪಟ್ಟಿ, ಹಾಕಿಸಿಕೊಂಡ ಇಂಜೆಕ್ಷನ್ನಿನ ಚೀಟಿ, ಕೊನೆಯ ಸಕ್ಕರೆ ಪರೀಕ್ಷೆಯ ವರದಿ ಇವನ್ನು ಜೊತೆಗೆ ಒಯ್ಯಿರಿ.