ಆರಂಭಕಾಲದ ವಿದ್ಯುತ್ ಕಾರುಗಳನ್ನು ಗುರುತಿಸುವ ಬಗೆ

ಹಳೆಯ ಛಾಯಾಚಿತ್ರದಲ್ಲಿ ಉದ್ದನೆಯ ಬಾನೆಟ್ ಇಲ್ಲದ, ಗಾಲಿಯ ಬದಲು ದಂಡವನ್ನು ಹಿಡಿದು ನಡೆಸುವ ಕಾರೊಂದು ಕಂಡೊಡನೆ ಅದು ವಿದ್ಯುತ್ ಕಾರೆಂದು ನಿರ್ಣಯಿಸುವವರುಂಟು. ಈ ನಿರ್ಣಯ ಅನೇಕ ಸಲ ತಪ್ಪುತ್ತದೆ. ಅಮೆರಿಕದಲ್ಲಿ 1901ರಿಂದ ಮಾರಾಟವಾದ ಓಲ್ಡ್ಸ್‌ಮೊಬೈಲ್ ಕಾರಿಗೂ ಬಾನೆಟ್ ಇರಲಿಲ್ಲ, ದಂಡವೇ ಇತ್ತು. ಆದರೆ ಅದು ಪೆಟ್ರೋಲ್ ಕಾರು, ಎಂಜಿನ್ ಆಸನದ ಕೆಳಗೆ ಅಡಗಿತ್ತು. ಅಂದಿನ ಕೆಲವು ಉಗಿಕಾರುಗಳೂ ದಂಡದಿಂದಲೇ ತಿರುಗುತ್ತಿದ್ದವು.

ಆದುದರಿಂದ ಒಡಲನ್ನು ಇಡಿಯಾಗಿ ಪರಿಶೀಲಿಸಬೇಕಾಗುತ್ತದೆ. ಸೀಸದ ಬ್ಯಾಟರಿಗಳು ಬಲು ಭಾರವಾದವು. ಆ ಭಾರವನ್ನು ಮುಂದಕ್ಕೂ ಹಿಂದಕ್ಕೂ ಹಂಚಿದ್ದರಿಂದ ಡೆಟ್ರಾಯಿಟ್ ಎಲೆಕ್ಟ್ರಿಕ್ ಮೊದಲಾದ ಕಾರುಗಳ ಎರಡು ತುದಿಗಳಲ್ಲಿಯೂ ಗಿಡ್ಡನೆಯ, ಇಳಿಜಾರು ಮುಚ್ಚಳದ ಪೆಟ್ಟಿಗೆಗಳಿರುತ್ತವೆ. ಯಾವುದು ಮುಂಭಾಗ, ಯಾವುದು ಹಿಂಭಾಗವೆಂದು ನೋಡುವವನು ಕ್ಷಣಕಾಲ ಗೊಂದಲಕ್ಕೀಡಾದರೆ ಅದೂ ಒಂದು ಸುಳಿವೇ ಸರಿ! ನೀರು ತಣಿಸುವ ರೇಡಿಯೇಟರ್ ಇಲ್ಲ, ಎಂಜಿನ್ ತಿರುಗಿಸುವ ಕೈಹಿಡಿಗೆ ರಂಧ್ರವಿಲ್ಲ, ಹೊಗೆಕೊಳವೆಯಿಲ್ಲ. ನಡುವೆ ಸಾರೋಟಿನಂತೆ ಎತ್ತರವಾದ ಗಾಜಿನ ಕೋಣೆ. ಈ ಹೋಲಿಕೆ ಆಕಸ್ಮಿಕವಲ್ಲ: ಡೆಟ್ರಾಯಿಟಿನ ಆಂಡರ್ಸನ್, ಕ್ಲೀವ್‌ಲ್ಯಾಂಡಿನ ರೌಚ್ ಅಂಡ್ ಲ್ಯಾಂಗ್ ಸಂಸ್ಥೆಗಳು ಮೊದಲು ಕುದುರೆಗಾಡಿಗಳನ್ನು ತಯಾರಿಸುತ್ತಿದ್ದವು.

ಮುಚ್ಚಿದ ಕಾರುಗಳಲ್ಲಿ ಜನರು ಕುಳಿತಿರುವ ರೀತಿ ಇವೆಲ್ಲಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. ಹೆನ್ರಿ ಫೋರ್ಡರ ಪತ್ನಿ ಕ್ಲಾರಾ ಅವರು ಬಳಸುತ್ತಿದ್ದ 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರನ್ನು ಹಿಂದಿನ ಆಸನದಿಂದ ನಡೆಸಬೇಕಾಗಿತ್ತು. ಇಂತಹ ಕೆಲವು ಕಾರುಗಳಲ್ಲಿ ಮುಂದಿನ ಆಸನದವರು ಹಿಂದಿರುಗಿ, ನಡೆಸುವವರಿಗೆ ಅಭಿಮುಖವಾಗಿ ಕುಳಿತು ಮಾತನಾಡಬಹುದಾಗಿತ್ತು. ದಾರಿ ನೋಡಲು ಇದು ಅಷ್ಟೇನೂ ಅನುಕೂಲವಲ್ಲ. ದಿವಾನಖಾನೆಯ ಸೌಖ್ಯವೇ ಇಲ್ಲಿ ಮುಖ್ಯವೆನಿಸಿತ್ತು.

1912ರ ಕ್ಯಾಡಿಲಾಕ್ ಕಾರಿನೊಡನೆ ವಿದ್ಯುತ್ ಸ್ಟಾರ್ಟರ್ ಬಳಕೆಗೆ ಬಂದಿತು. ಪೆಟ್ರೋಲ್ ಕಾರಿನ ಕೈಹಿಡಿ ತಿರುಗಿಸುವ ಕಷ್ಟ ಕ್ರಮೇಣ ನೀಗಿತು. ಜನರ ಕಣ್ಣು ಬಾನೆಟ್ಟಿನ ಆಕಾರಕ್ಕೆ ಒಗ್ಗಿತು. ಆಗ ವಿದ್ಯುತ್ ಕಾರುಗಳೂ ವೇಷ ಬದಲಿಸಿದವು. 1920ರ ದಶಕದಲ್ಲಿ ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರುಗಳಿಗೆ ಹುಸಿ ರೇಡಿಯೇಟರ್ ಸಹಿತವಾದ ಬಾನೆಟ್ ದೊರೆಯಿತು. 1930ರ ದಶಕದಲ್ಲಿ ಇತರ ತಯಾರಕರ ಪೆಟ್ರೋಲ್ ಕಾರುಗಳ ಬಾನೆಟ್ಟುಗಳನ್ನೇ ತಂದು ಜೋಡಿಸಿದ್ದೂ ಉಂಟು. ಆ ಸಂಸ್ಥೆ 1939ರವರೆಗೆ ಉಳಿದಿದ್ದರಿಂದ ಇಂತಹ ಕಾರುಗಳನ್ನು ಪೆಟ್ರೋಲ್ ಕಾರುಗಳ ಸಾಲಿಗೆ ಸೇರಿಸಿಬಿಡುವ ಅಪಾಯ ಹೆಚ್ಚು. ಅಲ್ಲಿ ಛಾಯಾಚಿತ್ರವೊಂದೇ ಸಾಲದು. ಬಾನೆಟ್ ಎತ್ತಿ ನೋಡಿದಾಗಲೇ ಎಂಜಿನ್ ಇರಬೇಕಾದ ಸ್ಥಳದಲ್ಲಿ ಸಾಲುಸಾಲಾಗಿ ಜೋಡಿಸಿದ ಬ್ಯಾಟರಿಗಳು ಕಾಣುತ್ತವೆ.