ಅಕ್ಕನ ಪಕ್ಕದಲ್ಲಿ ಕುಳಿತುಕೊಳ್ಳಿ

ಅಕ್ಕನ ಸ್ತನ ಕ್ಯಾನ್ಸರ್ ಆಪರೇಷನ್ ಈ ವಾರವೇ ಆಗಿಬಿಡಲಿ ಎಂಬ ನಿಮ್ಮ ತರಾತುರಿ ಅರ್ಥವಾಗುತ್ತದೆ. ಆದರೆ ಗಡ್ಡೆಯ ಬಗೆ ತಿಳಿಸುವ ಬಯಾಪ್ಸಿಯ ಇಆರ್, ಪಿಆರ್, ಹರ್-2 ವರದಿ ಬರಲಿ. ಮೊದಲು ಕಿಮೋವೋ ಆಪರೇಷನ್ನೋ ಎಂಬುದು ಅದನ್ನೂ ಅವಲಂಬಿಸಿದೆ. ಇಡೀ ಸ್ತನ ತೆಗೆಯಲೇಬೇಕೆಂದೂ ಇಲ್ಲ. ಆರಂಭದ ಹಂತದ ಚಿಕ್ಕ ಗಡ್ಡೆಯಾದರೆ, ಅದನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ ಬದುಕುಳಿಯುವ ಸಾಧ್ಯತೆ ಕಡಿಮೆಯಾಗದು. ಸರ್ಜನ್ ಬಳಿ ಇದನ್ನು ಅಕ್ಕನೇ ಕೇಳಲಿ, ನೀವು ಬರೆದುಕೊಳ್ಳಿ. ಭಾವನ ಒತ್ತಾಯವೂ ಬೇಡ, ನಿಮ್ಮದೂ ಬೇಡ.

ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿಗೇ ಓಡಬೇಕಿಲ್ಲ. ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆಯ ಯೇನೆಪೋಯ ಆಸ್ಪತ್ರೆಗಳು ಇಲ್ಲಿ ಮಂಗಳೂರಿನಲ್ಲೇ ಇವೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಯೋಜನೆಯ ಬಗ್ಗೆ ಮೊದಲೇ ವಿಚಾರಿಸಿ.

ಕಿಮೋ ಆದ ದಿನಗಳಲ್ಲಿ ಬಂಗುಡೆ ಹುರಿಯುವ ವಾಸನೆಗೇ ವಾಕರಿಕೆ ಬಂದೀತು. ಬಿಸಿ ಗಂಜಿ ಸಾಕು. ನೆರೆಮನೆಯವರ ಕಷಾಯ ಬೇಡ. ಜ್ವರ ಬಂದರೆ ಮಾತ್ರ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.