ಉಬ್ಬು ಹಣೆಯ ಗಿಳಿಮೀನು

ವರ್ಗೀಕರಣ: ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳ ಹವಳದ ದಿಬ್ಬಗಳಲ್ಲಿ ಕಂಡುಬರುವ ಗಿಳಿಮೀನುಗಳಲ್ಲಿ ಇದೇ ಅತಿ ದೊಡ್ಡದು. ವೈಜ್ಞಾನಿಕ ಹೆಸರು ಬೋಲ್ಬೊಮೆಟೋಪಾನ್ ಮುರಿಕೇಟಮ್. ಉದ್ದ 1.3 ಮೀಟರ್, ತೂಕ 46 ಕಿ.ಗ್ರಾಂ.ವರೆಗೂ ಇರುತ್ತದೆ. ಗಿಳಿಮೀನುಗಳನ್ನು ಹಿಂದೆ ಸ್ಕಾರಿಡೇ ಎಂಬ ಪ್ರತ್ಯೇಕ ಕುಟುಂಬವೆಂದು ಗಣಿಸುತ್ತಿದ್ದರು. ಈಗ ಹಲವು ತಜ್ಞರು ಲ್ಯಾಬ್ರಿಡೇ ಕುಟುಂಬಕ್ಕೆ ಸೇರಿಸುತ್ತಾರೆ.

ಆಹಾರಕ್ರಮ: ಒಂದಕ್ಕೊಂದು ಬೆಸೆದ ಹಲ್ಲುಗಳು ಗಿಳಿಯ ಕೊಕ್ಕಿನಂತಿವೆ. ಇವುಗಳಿಂದ ಹವಳವನ್ನು ಕಚ್ಚಿ, ಗಂಟಲಿನ ಹಲ್ಲುಗಳಿಂದ ಬೀಸುಕಲ್ಲಿನಂತೆ ಅರೆಯುತ್ತದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಒಂದು ಮೀನು ವರ್ಷಕ್ಕೆ 5 ಟನ್ನಿಗೂ ಹೆಚ್ಚು ಹವಳಕಲ್ಲು ತಿನ್ನುವುದೆಂದು ಅಂದಾಜು. ಅರೆದದ್ದು ಮರಳಾಗಿ ಹೊರಬೀಳುತ್ತದೆ.

ಅಪಾಯ: ಹಗಲು ಹಿಂಡಾಗಿ ಮೇದು, ರಾತ್ರಿ ಆಳವಿಲ್ಲದ ನೀರಿನಲ್ಲಿ ಗುಂಪಾಗಿ ಮಲಗುತ್ತದೆ. ಸೊಲೊಮನ್ ದ್ವೀಪಗಳಲ್ಲಿ ಹೀಗೆ ಮಲಗಿದ ಮೀನನ್ನು ದೀಪದ ಬೆಳಕಿನಲ್ಲಿ ಈಟಿಯಿಂದ ತಿವಿದು ಹಿಡಿಯುವುದರಿಂದ ಸಂಖ್ಯೆ ಕುಗ್ಗಿದೆ. ನಿಧಾನವಾಗಿ ಬಲಿಯುವ ಈ ಮೀನಿನ ಹಿಂಡನ್ನೇ ಬರಿದು ಮಾಡುವುದು, ಬಿತ್ತನೆ ಬೀಜವನ್ನೇ ಉಂಡಂತೆ.